ಡ್ರ್ಯಾಗ್ ರೇಸಲ್ಲಿ ಎರಡು ರನ್ ನಡುವೆ ಎಂಜಿನ್ ಬೇಗ ತಣ್ಣಗೆ ಮಾಡೋದು ಹೆಂಗೆ?

ತಮ್ಮಾ, ವಯಸ್ಸು 22, ಊರು ರಾಯಚೂರು ಅಂತ ಬರ್ದಿದ್ದೀಯ, ಅದಕ್ಕೆ ನೀನು ಅಂತಾನೆ ಮಾತಾಡಿಸ್ತೀನಿ. ಡ್ರ್ಯಾಗ್ ರೇಸ್ ಅಂದ್ರೆ ನೇರ ದಾರೀಲಿ ಸಣ್ಣ ದೂರದ ಓಟ, ಅಂಥ ಎರಡು ರನ್ ನಡುವೆ 20 ನಿಮಿಷ ಸಿಗ್ತೈತೆ, ಅಷ್ಟರಲ್ಲಿ ಎಂಜಿನ್ ತಣ್ಣಗಾಗ್ಬೇಕು, ಐಸ್ ಇಡ್ಲಾ, ತಣ್ಣೀರು ಹಾಕ್ಲಾ, ಇಲ್ಲ ಆಫ್ ಮಾಡಿ ಬಾನೆಟ್ ಎತ್ತಿ ಬಿಡ್ಲಾ ಅಂತ ಕೇಳಿದ್ದೀಯ. ಈ ಮೂರನ್ನೂ ನಾನು ಒಂದೇ ದಿನ ಮಾಡಿದ್ದೆ. ಸಂಜೆ ಹೊತ್ತಿಗೆ ನನ್ನ ಗಾಡಿ ಬಾಡಿಗೆ ಪಿಕಪ್ ಮೇಲೆ ಹಗ್ಗ ಬಿಗಿಸ್ಕೊಂಡು ಬಳ್ಳಾರಿ ಕಡೆ ಹೊರಟಿತ್ತು.

ನಂದು ಬಳ್ಳಾರಿ, ಕೌಲ್ ಬಜಾರ್. ಗಾಡಿ 2003ರ ಎಸ್ಟೀಮ್, 1.3 ಪೆಟ್ರೋಲ್, ಸೆಕೆಂಡ್ ಹ್ಯಾಂಡ್. ಹಿಂದಿನ ಸೀಟು ಕಿತ್ತು, ಎಕ್ಸಾಸ್ಟ್, ಏರ್ ಫಿಲ್ಟರ್ ಎರಡೂ ಬದಲಾಯಿಸಿ, 402 ಮೀಟರ್ ಅಂದ್ರೆ ಕಾಲು ಮೈಲಿಯನ್ನ 17 ಸೆಕೆಂಡ್ ಚಿಲ್ರೆಗೆ ಮುಗಿಸೋ ಹಂಗೆ ಮಾಡಿದ್ದೆ. ದೊಡ್ಡ ಟೈಮಿಂಗ್ ಏನಲ್ಲ, ಆದ್ರೆ ನಾನೇ ಕೈಯಾರೆ ಕಟ್ಟಿದ ಗಾಡಿ, ಅದರ ಮೇಲಿನ ಪ್ರೀತಿನೇ ಬೇರೆ.

ನಮ್ಮಪ್ಪ ಅದಿರು ಲಾರಿ ಡ್ರೈವರ್. ಸಂಡೂರು ಕಡೆಯಿಂದ ಲೋಡ್ ತುಂಬ್ಕೊಂಡು ವರ್ಷಗಟ್ಟಲೆ ಓಡಿಸಿದಾನೆ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸೋ ತನಕ. ನಾನು ಸಣ್ಣವನಿದ್ದಾಗ ರಜಾ ದಿನ ಕ್ಯಾಬಿನ್‌ನಲ್ಲಿ ಕುಂತು ಹೋಗ್ತಿದ್ದೆ. ಚಹಾ ಅಂಗಡಿ ಮುಂದೆ ಲಾರಿ ನಿಲ್ಲಿಸಿದ್ರೂ ಅಪ್ಪ ತಕ್ಷಣ ಆಫ್ ಮಾಡ್ತಿರ್ಲಿಲ್ಲ, ಕೆಳಗಿಳಿದು ಟೈರ್ ಬಡಿದು ನೋಡಿ, ಮುಖ ತೊಳ್ಕೊಂಡು, ಆಮೇಲೆ ಹತ್ತಿ ಕೀ ತಿರುಗಿಸ್ತಿದ್ದ. ಯಾಕಪ್ಪ ಅಂದ್ರೆ "ಓಡಿ ಬಂದ ಎತ್ತನ್ನ ಥಟ್ಟನೆ ಕಟ್ಟಿ ಹಾಕ್ತಾರಾ, ಒಂದು ಸುತ್ತು ಅಡ್ಡಾಡಿಸ್ತಾರೆ" ಅಂತಿದ್ದ. ಒಂದ್ಸಲ ದಾರೀಲಿ ರೇಡಿಯೇಟರ್ ಕುದೀತು, ಅವತ್ತು ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಸುಮ್ನೆ ಕುಂತಿದ್ದ, ಕ್ಯಾಪ್ ಮುಟ್ಟಲೇ ಇಲ್ಲ. ನನಗೆ ಬೇಜಾರೋ ಬೇಜಾರು. ಪಕ್ಕದಲ್ಲೇ ನೀರಿನ ಕ್ಯಾನ್ ತುಂಬಿತ್ತು, ಹಾಕಿದ್ರೆ ಆಗ್ತಿತ್ತಲ್ಲ ಅಂತ ಅನ್ಕೊಂಡಿದ್ದೆ. ಆ ಅನ್ಕೊಂಡಿದ್ದೇ ಹದಿನೈದು ವರ್ಷ ತಲೆಯಲ್ಲಿ ಕುಂತಿತ್ತು ಅನ್ನಿಸ್ತೈತೆ ಈಗ.

ಆಯ್ತು, ಆ ದಿನಕ್ಕೆ ಬರ್ತೀನಿ. ಏಪ್ರಿಲ್ ತಿಂಗಳು, ಊರಿಂದ ದೂರ ಒಂದು ಏರ್‌ಸ್ಟ್ರಿಪ್ ಮೇಲೆ ಇವೆಂಟ್, ನೆರಳು ಅಂತ ಒಂದು ಜಾಲಿ ಗಿಡನೂ ಇಲ್ಲ. ಮೊದಲ್ನೇ ರನ್ ಬೆಳಗ್ಗೆ 9ಕ್ಕೆ, ಚೆನ್ನಾಗಿ ಬಂತು. ವಾಪಸ್ ಬಂದು ನಿಂತ ತಕ್ಷಣ ಕೀ ಆಫ್, ಬಾನೆಟ್ ಮೇಲೆ. ಈಗ ತಣ್ಣಗಾಗ್ತೈತೆ ಅಂತ ನಿಂಬೆ ಶರಬತ್ತು ಕುಡೀತಾ ನಿಂತೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಎಂಜಿನ್ ಬಿಸಿ ತೋರಿಸೋ ಮುಳ್ಳು ನಾನು ನಿಲ್ಲಿಸಿದ್ದಕ್ಕಿಂತ ಮೇಲೆ! ಬಿಸಿಲಿಗೆ ಇರ್ಬೇಕು ಅಂತ ಬಿಟ್ಟೆ. ಐಸ್ ಪ್ಯಾಕೆಟ್ ಒಡೆದು ಟವೆಲಲ್ಲಿ ಸುತ್ತಿ ಎಂಜಿನ್ ತುದಿಯಲ್ಲಿರೋ ಟ್ಯಾಪೆಟ್ ಕವರ್ ಮೇಲೆ ಇಟ್ಟೆ, ಅದು ಕರಗಿ ಸ್ಪಾರ್ಕ್ ಪ್ಲಗ್ ಗುಂಡಿಯೊಳಗೆ ಇಳಿದು ಎರಡನೇ ರನ್‌ನಲ್ಲಿ ಮಿಸ್ಸಿಂಗ್ ಶುರು, ಟೈಮಿಂಗ್ ಹಾಳು. ಮೂರನೇ ರನ್‌ಗೆ ಲೈನಲ್ಲಿ ನಿಂತಾಗ ಮಧ್ಯಾಹ್ನ 1 ಗಂಟೆ. ಮುಂದೆ ಯಾರದೋ ಗಾಡಿ ಆಯಿಲ್ ಚೆಲ್ಲಿ ಟ್ರ್ಯಾಕ್ ಕ್ಲೀನ್ ಮಾಡ್ತಿದ್ರು, 40 ನಿಮಿಷ ಎಂಜಿನ್ ಆನ್, ಏಸಿ ಆನ್, ಒಂದೊಂದು ಗಾಡಿ ಉದ್ದ ಮುಂದಕ್ಕೆ. ಮುಳ್ಳು ಮುಕ್ಕಾಲು ದಾಟಿತ್ತು. ಇಳಿದು ಪಕ್ಕಕ್ಕೆ ಹಾಕ್ಬೇಕಿತ್ತು. ಹಾಕ್ಲಿಲ್ಲ, ಇಷ್ಟು ಹೊತ್ತು ಕಾದಿದೀನಿ ಬರೀ 17 ಸೆಕೆಂಡ್ ತಾನೆ ಅಂತ ಹೊಡೆದೇಬಿಟ್ಟೆ. ಕೊನೆಗೆ ಮುಳ್ಳು ಕೆಂಪಿಗೆ, ಮುಂದೆ ಬಿಳಿ ಹಬೆ.

ಈಗ ಹೇಳ್ತೀನಿ ನೋಡು, ನನ್ನ ತಪ್ಪು ಎಲ್ಲಿ ಆಯ್ತು ಅಂತ. ಜನ ಎಲ್ಲ ಕೆಂಪಿಗೆ ಹೋದ ಮೇಲೂ ಓಡಿಸಿದ್ದೇ ತಪ್ಪು ಅಂತಾರೆ. ಅದೂ ತಪ್ಪೇ, ಆದ್ರೆ ಅಷ್ಟಕ್ಕೇ ನಿಂತಿದ್ರೆ ಗಾಡಿ ಉಳೀತಿತ್ತು ಅಂತ ಮೇಸ್ತ್ರಿ ಆಮೇಲೆ ಹೆಡ್, ಅಂದ್ರೆ ಸಿಲಿಂಡರ್‌ಗಳ ಮೇಲೆ ಕೂರೋ ಲೋಹದ ಭಾಗ, ಬಿಚ್ಚಿ ನೋಡಿ ಹೇಳಿದ. ಗಾಡಿ ಕೊಂದಿದ್ದು ಅದರ ಮುಂದಿನ ಹತ್ತು ನಿಮಿಷ.

ಆಫ್ ಮಾಡಿದೆ. ಐದಾರು ನಿಮಿಷ ಕಾದೆ. ಆಮೇಲೆ ಕೀ ಆನ್ ಮಾಡಿ ನೋಡಿದ್ರೆ ಮುಳ್ಳು ಅರ್ಧಕ್ಕೆ ಬಂದು ನಿಂತೈತೆ. ನನಗೆ ಎಷ್ಟು ಖುಷಿ ಅಂದ್ರೆ, ಸದ್ಯ ತಣ್ಣಗಾಯ್ತು ಅಂತ. ಆದ್ರೆ ಅದು ತಣ್ಣಗಾಗಿರ್ಲಿಲ್ಲ. ಟೆಂಪರೇಚರ್ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ಸರಿ ತೋರಿಸ್ತೈತೆ, ನೀರು ಕುದ್ದು ಹೊರಗೆ ಹೋಗಿ ಮಟ್ಟ ಇಳಿದು ಸೆನ್ಸರ್ ಬರೀ ಹಬೆಯಲ್ಲಿ ನಿಂತಿದ್ರೆ ಮುಳ್ಳು ಕೆಳಗೆ ಬೀಳ್ತೈತೆ, ಆಗ ಹೆಡ್ ಎಷ್ಟು ಕಾದೈತೆ ಅಂತ ಹೇಳೋರೇ ಇರಲ್ಲ. ನನಗೆ ಇದು ಗೊತ್ತಿರ್ಲಿಲ್ಲ. ಮುಳ್ಳು ನೋಡಿದ ಧೈರ್ಯಕ್ಕೆ ಒದ್ದೆ ಟವೆಲ್ ಸುತ್ತಿ ಕ್ಯಾಪ್ ತಿರುಗಿಸಿದೆ. ಕ್ಯಾಪ್ ಮೇಲೆ 0.9 ಅಂತ ಬರ್ದಿರ್ತೈತಲ್ಲ, ಅಂದ್ರೆ ಒಳಗೆ 0.9 ಬಾರ್ ಒತ್ತಡ ಹಿಡಿದಿಡ್ತೈತೆ, ಆ ಒತ್ತಡದಲ್ಲಿ ನೀರು 100ಕ್ಕೆ ಕುದಿಯಲ್ಲ, ಸುಮಾರು 119 ಡಿಗ್ರಿ ತನಕ ನೀರಾಗೇ ಇರ್ತೈತೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಯ್ತು, 100 ದಾಟಿದ ನೀರೆಲ್ಲ ಒಟ್ಟಿಗೆ ಕುದ್ದು ಚಿಮ್ಮಿತು. ಬಲಗೈ ಮಣಿಕಟ್ಟಿಂದ ಮೊಣಕೈ ತನಕ ಬೊಬ್ಬೆ. ಕಲೆ ಇವತ್ತಿಗೂ ಐತೆ.

ಕೈ ಸುಟ್ಟ ಗಾಬರಿಗೆ ನಿಲ್ಲಿಸ್ಬೇಕಿತ್ತು ತಾನೆ, ಇಲ್ಲ. ರೇಡಿಯೇಟರ್ ಖಾಲಿ ಐತೆ, ನೀರು ಹಾಕ್ಬೇಕು ಅನ್ನೋದೊಂದೇ ತಲೇಲಿ. ಕುಡಿಯೋಕೆ ಅಂತ ಐಸ್ ಬಾಕ್ಸಲ್ಲಿ ಬಾಟಲ್ ಇಟ್ಟಿದ್ವಿ. ಗೆಳೆಯ ಕೊಟ್ಟ, ನಾನು ಸುರಿದೆ. ಒಂದು, ಎರಡು, ಮೂರು, ನಾಲ್ಕು ಲೀಟರ್. ಸುರಿದು, ಎಲ್ಲ ಕಡೆ ಸುತ್ತಾಡ್ಲಿ ಅಂತ ಸ್ಟಾರ್ಟ್ ಬೇರೆ ಮಾಡಿದೆ. ಆ ಸ್ಟಾರ್ಟ್ ಮಾಡಿದ್ದೇ ಮುಗೀತು. ಎಂಜಿನ್ ಆಫ್ ಇದ್ದಾಗ ನೀರು ರೇಡಿಯೇಟರಲ್ಲೇ ಇರ್ತೈತೆ, ಸ್ಟಾರ್ಟ್ ಆದ ತಕ್ಷಣ ಬೆಲ್ಟ್ ತಿರುಗಿ ವಾಟರ್ ಪಂಪ್ ಆ ಐಸ್ ನೀರನ್ನ ಎಳೆದು ಸೀದಾ ಕಾದ ಬ್ಲಾಕ್‌ಗೆ, ಅಂದ್ರೆ ಸಿಲಿಂಡರ್ ಇರೋ ಕೆಳಭಾಗಕ್ಕೆ, ಅಲ್ಲಿಂದ ಹೆಡ್‌ಗೆ ತಳ್ಳಿತು. "ಟಕ್" ಅಂತ ಒಂದು ಸದ್ದು ಬಂತು, ಕಲ್ಲು ಸೀಳಿದಂಗೆ. ಜೊತೆಗಿದ್ದ ನಾಲ್ಕೂ ಜನ ಕೇಳಿಸ್ಕೊಂಡ್ರು.

ಯಾಕೆ ಹಂಗಾಗ್ತೈತೆ ಅನ್ನೋದನ್ನ ಬಿಡಿಸಿ ಹೇಳ್ತೀನಿ, ನನಗೆ ಯಾರಾದ್ರೂ ಮೊದಲೇ ಹೇಳಿದ್ರೆ ಚೆನ್ನಾಗಿತ್ತು. ಮನೇಲಿ ಕಂದೀಲು ನೋಡಿದ್ದೀಯಾ? ಉರಿಯೋ ಕಂದೀಲಿನ ಗಾಜಿನ ಮೇಲೆ ಒಂದು ಹನಿ ನೀರು ಬಿದ್ರೆ ಚಟ್ ಅಂತ ಸೀಳ್ತೈತೆ, ಬಿಸಿಗಲ್ಲ, ಒಂದು ಜಾಗ ತಣ್ಣಗಾಗಿ ಪಕ್ಕದ ಜಾಗ ಬಿಸಿ ಇರೋದಕ್ಕೆ. ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅದು ಕಬ್ಬಿಣದ ಎರಡರಷ್ಟು ಹಿಗ್ತೈತೆ. 40 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ತುಂಡು 100 ಡಿಗ್ರಿ ಹೆಚ್ಚು ಕಮ್ಮಿ ಆದ್ರೆ ಸುಮಾರು 0.9 ಮಿಲಿಮೀಟರ್ ಉದ್ದದಲ್ಲಿ ವ್ಯತ್ಯಾಸ ಆಗ್ತೈತೆ. ಅಷ್ಟೇನಾ ಅಂತೀಯ, ಆದ್ರೆ ನನ್ನ ಎಂಜಿನ್‌ಗೆ ಹೆಡ್ ಮುಖ 0.05 ಮಿಲಿಮೀಟರ್‌ಗಿಂತ ಜಾಸ್ತಿ ಸೊಟ್ಟ ಇರಂಗಿಲ್ಲ. ತಲೆಗೂದಲಷ್ಟು ದಪ್ಪ! ಹೆಡ್‌ನ ಉಕ್ಕಿನ ಬೋಲ್ಟ್‌ಗಳು ಬಿಗಿಯಾಗಿ ಹಿಡಿದಿರ್ತಾವೆ, ಅದಕ್ಕೆ ಅತ್ತಿತ್ತ ಸರಿಯೋಕೆ ಜಾಗ ಇಲ್ಲ, ಒಂದು ಕಡೆ ಐಸ್ ನೀರು ತಾಗಿ ಕುಗ್ಗಕ್ಕೆ ನೋಡ್ತೈತೆ, ಇನ್ನೊಂದು ಕಡೆ ಇನ್ನೂ ಹಿಗ್ಗೇ ಇರ್ತೈತೆ, ಜಾಗ ಸಿಗದೆ ಬಾಗ್ತೈತೆ. ಬಾಗಿದ ಕಡೆ ಗ್ಯಾಸ್ಕೆಟ್, ಅಂದ್ರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂಗೆ ಹಾಕಿರೋ ತೆಳು ಪದರ, ಹಿಡಿತ ಬಿಡ್ತೈತೆ. ನೀರಿನ ದಾರಿ, ಆಯಿಲ್ ದಾರಿ, ಸಿಲಿಂಡರ್ ಮೂರೂ ಒಂದಾಗಿ ಹೋಗ್ತಾವೆ. ನಂದು ಮೂರನೇ ಸಿಲಿಂಡರ್ ಹತ್ರ ಹೋಗಿತ್ತು. ಸೈಲೆನ್ಸರಲ್ಲಿ ಬಿಳಿ ಹೊಗೆ ನಿಲ್ಲಲೇ ಇಲ್ಲ, ಡಿಪ್‌ಸ್ಟಿಕ್ ಎಳೆದು ನೋಡಿದ್ರೆ ಆಯಿಲ್ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿತ್ತು.

ಬಳ್ಳಾರಿಲಿ ಲೇತ್ ಅಂಗಡೀಲಿ ಹೆಡ್ ಮೇಲೆ ನೇರ ಪಟ್ಟಿ ಇಟ್ಟು, ಸಂದು ಅಳೆಯೋ ಫೀಲರ್ ಗೇಜ್ ತೂರಿಸಿದಾಗ 0.18 ಮಿಲಿಮೀಟರ್ ಹೋಯ್ತು. ಹೆಡ್ ಮುಖ ಮಟ್ಟ ಮಾಡೋ ಫೇಸಿಂಗ್, ಗ್ಯಾಸ್ಕೆಟ್ ಸೆಟ್, ಹೊಸ ಬೋಲ್ಟ್, ಎರಡು ಸಲ ಆಯಿಲ್ ಫ್ಲಶ್, ಕೂಲಿ ಎಲ್ಲ ಸೇರಿ 23 ಸಾವಿರ, ಪಿಕಪ್ ಬಾಡಿಗೆ ಬೇರೆ. ಮೂರು ವಾರ ಗಾಡಿ ಇಲ್ಲ. ಅಪ್ಪ ಗ್ಯಾರೇಜಿಗೆ ಬಂದು ಹೆಡ್ ನೋಡಿ "ನೀರು ಯಾವ್ದು ಹಾಕ್ದಿ?" ಅಂತ ಒಂದೇ ಮಾತು ಕೇಳಿದ. ಬೈಲಿಲ್ಲ. ಆಮೇಲೆ ಮನೆ ತನಕ ನಾವಿಬ್ರೂ ಮಾತಾಡ್ಲಿಲ್ಲ.

ಅದಕ್ಕೇ ಹೇಳ್ತೀನಿ ತಮ್ಮಾ, ನಿನ್ನ ಪ್ರಶ್ನೆನೇ ಸರಿ ಇಲ್ಲ. ಬೇಗ ತಣ್ಣಗೆ ಮಾಡೋದು ಹೆಂಗೆ ಅಂತ ಕೇಳ್ಬೇಡ. ರನ್‌ನಲ್ಲಿ ಎಂಜಿನ್ ಅಷ್ಟೇನೂ ಕಾಯಲ್ಲ, ಫುಲ್ ಥ್ರಾಟಲ್ ಇರೋದು 15ರಿಂದ 18 ಸೆಕೆಂಡ್, ಅದರಲ್ಲಿ ಅರ್ಧ ಹೊತ್ತು ಮುಂದಿಂದ ಜೋರು ಗಾಳಿ ಬೇರೆ ಹೊಡೀತಿರ್ತೈತೆ. ಕಾಯೋದು ಲೈನಲ್ಲಿ. ಗಾಳಿ ಇಲ್ಲದೆ ನಿಂತು, ಐಡಲ್‌ನಲ್ಲಿ, ಏಸಿ ಹಾಕ್ಕೊಂಡು, ಕೆಳಗೆ ಡಾಂಬರ್ ಬೆಂಕಿ. ನನ್ನ ಮೂರೂ ರನ್ ಸೇರಿಸಿದ್ರೆ ಒಂದು ನಿಮಿಷ ಆಗಲ್ಲ, ಲೈನಲ್ಲಿ ನಿಂತಿದ್ದು ಒಂದೂವರೆ ಗಂಟೆ. ಹಂಗಾಗಿ ಲೈನಲ್ಲಿ ಸ್ಟಾರ್ಟ್ ಮಾಡ್ಬೇಡ, ತಳ್ಳು. ಇಬ್ರು ಗೆಳೆಯರನ್ನ ಕರ್ಕೊಂಡು ಹೋಗು, ಸ್ಟೇರಿಂಗ್ ನೀನು ಹಿಡಿ, ಅವರು ತಳ್ಳಲಿ, ಮುಂದೆ ಎರಡು ಮೂರು ಗಾಡಿ ಇದ್ದಾಗ ಸ್ಟಾರ್ಟ್ ಮಾಡು ಸಾಕು. ನೋಡೋಕೆ ಚೆನ್ನಾಗಿರಲ್ಲ ಅಂತ ಒಬ್ಬ ಅಂದಿದ್ದ ನನಗೆ. ಅನ್ನೋರು ಅನ್ಲಿ, ನಾನು ಈಗ್ಲೂ ತಳ್ಳಿಸ್ತೀನಿ.

ಎರಡನೇದು, ಇಡೀ ಎಂಜಿನ್ ತಣ್ಣಗಾಗೋದು ನಿನಗೆ ಬೇಕಾಗೇ ಇಲ್ಲ. ಆಯಿಲ್ ಬೆಚ್ಚಗೆ ಇರ್ಬೇಕು, ತಣ್ಣಗಿನ ಆಯಿಲ್ ದಪ್ಪ, ಅದರಲ್ಲಿ ಫುಲ್ ರೆವ್ ಹೊಡೆದ್ರೆ ಬೇರಿಂಗ್‌ಗೆ ಕಷ್ಟ. ತಣ್ಣಗೆ ಇರ್ಬೇಕಾಗಿದ್ದು ಒಳಗೆ ಹೋಗೋ ಗಾಳಿ. ಇನ್‌ಟೇಕ್ ಗಾಳಿ 40 ಡಿಗ್ರಿ ಇರೋದಕ್ಕೂ 70 ಇರೋದಕ್ಕೂ ಸಾಂದ್ರತೆಯಲ್ಲಿ ಸುಮಾರು ಶೇಕಡಾ 9 ವ್ಯತ್ಯಾಸ, ಅಷ್ಟು ಆಮ್ಲಜನಕ ಕಮ್ಮಿ, ಅಷ್ಟು ಪವರ್ ಕಮ್ಮಿ, ಜೊತೆಗೆ ಹೊಸ ಗಾಡಿ ಆದ್ರೆ ಪೆಟ್ರೋಲ್ ತಪ್ಪು ಹೊತ್ತಲ್ಲಿ ಹೊತ್ತಿ ನಾಕಿಂಗ್ ಆಗ್ಬಾರ್ದು ಅಂತ ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ಕಿಡಿ ಹಾರೋ ಟೈಮಿಂಗ್ ಹಿಂದಕ್ಕೆ ಎಳೀತೈತೆ. ರಾಯಚೂರು ಬಳ್ಳಾರಿಲಿ ಏಪ್ರಿಲ್ ಮೇನಲ್ಲಿ ಹೊರಗಿನ ಗಾಳಿನೇ 40 ದಾಟಿರ್ತೈತೆ. ಅದಕ್ಕೆ ಐಸ್ ಇಡೋದಾದ್ರೆ ಎಂಜಿನ್ನಿಗೆ ಗಾಳಿ ಒಯ್ಯೋ ಕೊಳವೆ, ಅಂದ್ರೆ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಮಾತ್ರ ಇಡು, ಎಂಜಿನ್ ಮೇಲಲ್ಲ. ಒಂದು ಕೆಜಿ ಐಸ್ ಕರಗೋಕೆ 334 ಕಿಲೋಜೂಲ್ ಶಾಖ ಹೀರ್ತೈತೆ, ಅಷ್ಟರಲ್ಲಿ ಏಳು ಕೆಜಿ ಅಲ್ಯೂಮಿನಿಯಂ 50 ಡಿಗ್ರಿ ಇಳೀತೈತೆ, ಮ್ಯಾನಿಫೋಲ್ಡ್ ಅಷ್ಟು ಭಾರ ಇರಲ್ಲ, ಹಂಗಾಗಿ ಒಂದು ಪ್ಯಾಕೆಟ್ ಧಾರಾಳ. ಇದರಲ್ಲೂ ನೀರು ಹರಿದು ಬಿಸಿ ಭಾಗಕ್ಕೆ ತಾಗಬಹುದು, ಅದಕ್ಕೆ ಗಟ್ಟಿ ಕವರಲ್ಲಿ ಹಾಕಿ ಬಾಯಿ ಬಿಗಿ, ಸೋರಬಾರ್ದು. ನನ್ನ ಥರ ಬರೀ ಟವೆಲಲ್ಲಿ ಸುತ್ತಬೇಡ. ಸ್ಟಾರ್ಟ್ ಲೈನಲ್ಲಿ ನೀರು ತೊಟ್ಟಿಕ್ಕಿದ್ರೆ ಟೈರ್ ಜಾರ್ತೈತೆ, ನಿಂಗೂ ಅಪಾಯ, ಹಿಂದಿನವನಿಗೂ ಅಪಾಯ.

ರನ್ ಮುಗಿದ ಮೇಲೆ ನಾನು ಈಗ ಮಾಡೋದು ಇಷ್ಟು. ವಾಪಸ್ ಬರೋ ದಾರೀಲಿ ಮೂರನೇ ಗೇರ್, ಕಮ್ಮಿ ಆರ್‌ಪಿಎಂ, ಏಸಿ ಬಂದ್, ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಫುಲ್. ಹೌದು, 42 ಡಿಗ್ರಿ ಬಿಸಿಲಲ್ಲೂ ಹೀಟರ್. ಡ್ಯಾಶ್‌ಬೋರ್ಡ್ ಒಳಗೆ ಇರೋ ಹೀಟರ್ ಕಾಯಿಲ್ ಕೂಡ ಒಂದು ಸಣ್ಣ ರೇಡಿಯೇಟರ್ರೇ, ಕಿಟಕಿ ಎಲ್ಲ ಇಳಿಸು, ಎರಡು ನಿಮಿಷ ಬೆವರು ಸುರಿಸು. ಜಾಗಕ್ಕೆ ಬಂದ ಮೇಲೆ ಬಾನೆಟ್ ಎತ್ತಿ, ಆಫ್ ಮಾಡದೆ ಎರಡು ಮೂರು ನಿಮಿಷ ಐಡಲ್. ಯಾಕೆ ಅಂದ್ರೆ ಆಫ್ ಮಾಡಿದ ಕೂಡ್ಲೆ ಪಂಪ್ ನಿಲ್ತೈತೆ, ಹೆಡ್‌ನ ಲೋಹದಲ್ಲಿ ಇರೋ ಬಿಸಿ ನಿಂತ ನೀರಿಗೆ ಇಳೀತೈತೆ. ಆಮೇಲೆ ಹಾಕಿಸಿದ ಗೇಜಲ್ಲಿ ನಾನೇ ನೋಡಿದೀನಿ, 92ಕ್ಕೆ ಆಫ್ ಮಾಡಿದ್ದು ಐದಾರು ನಿಮಿಷಕ್ಕೆ 104ಕ್ಕೆ ಏರಿತ್ತು. ಅವತ್ತು ಶರಬತ್ತು ಕುಡೀತಾ ನಿಂತಾಗ ನನ್ನ ಎಂಜಿನ್ ತಣ್ಣಗಾಗ್ತಿರ್ಲಿಲ್ಲ, ಒಳಗೇ ಬೇಯ್ತಿತ್ತು. ನಿಂದು ಟರ್ಬೋ ಗಾಡಿ ಆದ್ರೆ ಇದು ಇನ್ನೂ ಮುಖ್ಯ, ಥಟ್ಟನೆ ಆಫ್ ಮಾಡಿದ್ರೆ ಟರ್ಬೋ ಬೇರಿಂಗಲ್ಲಿ ನಿಂತ ಆಯಿಲ್ ಸುಟ್ಟು ಮಸಿ ಕಟ್ತೈತೆ. ಲಾರಿಯಲ್ಲಿ ಅಪ್ಪ ಮಾಡ್ತಿದ್ದಿದ್ದು ಇದೇ.

ಆದ್ರೆ ಒಂದು, ಮುಳ್ಳು ಕೆಂಪಲ್ಲಿ ಐತೆ, ಹಬೆ ಬರ್ತೈತೆ, ನೀರು ಹೋಗಿದೆ ಅಂದ್ರೆ ಈ ಐಡಲ್ ಮಾತು ಮರ್ತುಬಿಡು, ನೀರಿಲ್ಲದೆ ಓಡಿದ್ರೆ ಪೂರ್ತಿ ಹೋಗ್ತೈತೆ. ಆಫ್ ಮಾಡು, ಬಾನೆಟ್ ಎತ್ತು, ದೂರ ಹೋಗಿ ಕುಂತ್ಕೋ. ರೇಡಿಯೇಟರ್ ಮೇಲಿನ ಹೋಸ್ ಕೈಯಲ್ಲಿ ಹಿಡಿಯೋ ಅಷ್ಟು ಆರೋ ತನಕ ಕ್ಯಾಪ್ ಮುಟ್ಟಬೇಡ. ಅವತ್ತಿನ ರೇಸ್ ಮುಗೀತು ಅಂತ ಒಪ್ಕೋ. ಆಮೇಲೂ ಐಸ್ ನೀರು ಬೇಡ, ಬಿಸಿಲಲ್ಲಿ ಇಟ್ಟ ಕ್ಯಾನಿನ ನೀರು ಸ್ವಲ್ಪ ಸ್ವಲ್ಪ.

ನೀರು ಹೊಡೆಯೋದಾದ್ರೆ ರೇಡಿಯೇಟರ್ ಮುಖಕ್ಕೆ, ಅದೂ ಪೈಪಲ್ಲಿ ಅಲ್ಲ, ಮಂಜಿನ ಥರ. ನಿಮ್ಮ ಕಡೆ ಹತ್ತಿಗೆ ಮೆಣಸಿನಕಾಯಿಗೆ ಎಣ್ಣೆ, ಅಂದ್ರೆ ಕೀಟನಾಶಕ, ಹೊಡಿಯೋ ಕೈ ಪಂಪ್ ಇರ್ತೈತಲ್ಲ, ಹೊಸಾದು ಒಂದು ತಗೋ, ಎಣ್ಣೆ ಹಾಕಿದ್ದು ಬೇಡ. ಎಂಜಿನ್ ಐಡಲಲ್ಲಿ, ಫ್ಯಾನ್ ತಿರುಗ್ತಿರೋವಾಗ ರೇಡಿಯೇಟರ್ ಫಿನ್ ಮೇಲೆ ಸಣ್ಣಗೆ ಹೊಡಿ. ನಮ್ಮ ಕಡೆ ಒಣ ಗಾಳಿ, ಬೇಗ ಆವಿ ಆಗ್ತೈತೆ, ಮನೆ ಕಿಟಕಿಯ ಕೂಲರ್ ಕೆಲಸ ಮಾಡೋದು ಇದೇ ಥರ. ನನ್ನ ಗಾಡಿ ಬಿಸಿ ಆರೇಳು ನಿಮಿಷದಲ್ಲಿ ಚೆನ್ನಾಗಿ ಇಳೀತೈತೆ ಇದರಲ್ಲಿ. ಗೇಜ್ ಮಾಮೂಲಿಗೆ ಬಂದ್ರೆ ಸಾಕು. ಆಮೇಲೆ ಆಫ್ ಮಾಡಿ, ಕರೆಂಟ್ ಸಿಕ್ರೆ ಒಂದು ದೊಡ್ಡ ಪೆಡೆಸ್ಟಲ್ ಫ್ಯಾನ್ ಬಾನೆಟ್ ಒಳಕ್ಕೆ ತಿರುಗಿಸಿ ಇಡು. ಕೆಳಗೆ ಒಣಗಿದ ಮೇಲೆ ಲೈನಿಗೆ ಹೋಗು.

ಡ್ಯಾಶ್‌ಬೋರ್ಡ್ ಮುಳ್ಳನ್ನ ನಂಬಬೇಡ, ತುಂಬಾ ಗಾಡಿಗಳಲ್ಲಿ ಅದು ಮಧ್ಯದಲ್ಲೇ ಅಂಟ್ಕೊಂಡಿರೋ ಥರ ಮಾಡಿರ್ತಾರೆ, ಏರಿತು ಅಂತ ನಿನಗೆ ಕಾಣೋವಾಗ ತಡ ಆಗಿರ್ತೈತೆ. ಹೊಸ ಗಾಡಿಗೆ ಓಬಿಡಿ ರೀಡರ್, ಅಂದ್ರೆ ಎಂಜಿನ್ ಕಂಪ್ಯೂಟರ್‌ಗೆ ಸಿಕ್ಕಿಸಿ ಬಿಸಿ ಎಷ್ಟು ಅಂತ ಓದೋ ಸಾಧನ, ಸಿಗ್ತೈತೆ, ಹಳೇದಕ್ಕೆ ಬೇರೆ ಗೇಜ್ ಹಾಕಿಸು. ಕೊರೋನಾ ಟೈಮಿನ ಹಣೆಗೆ ಹಿಡಿಯೋ ಗನ್ ಬೇಡ, ಅದು ಮೈ ಜ್ವರ ನೋಡೋಕೆ ಅಷ್ಟೆ, 43ರ ಹತ್ರ ಮುಗಿದು ಹೋಗ್ತೈತೆ. ಮತ್ತೆ ನಿಮ್ಮ ಮೇಸ್ತ್ರಿ "ನಮ್ಮೂರ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ, ತೆಗೆದು ಬಿಸಾಕು" ಅಂದ್ರೆ ಒಪ್ಪಬೇಡ. ಎಂಜಿನ್ ಬೆಚ್ಚಗಾಗೋ ತನಕ ನೀರು ರೇಡಿಯೇಟರ್‌ಗೆ ಹೋಗದಂಗೆ ತಡೆಯೋ ವಾಲ್ವ್ ಅದು. ಅದು ಇಲ್ಲಾಂದ್ರೆ ಎಂಜಿನ್ ಬೆಚ್ಚಗಾಗೋದೇ ತಡ, ಅಷ್ಟೊತ್ತೂ ಇಸಿಯು ಇನ್ನೂ ತಣ್ಣಗೈತೆ ಅಂತ ತಿಳ್ಕೊಂಡು ಪೆಟ್ರೋಲ್ ಸುರೀತೈತೆ. ಬೋರ್ ನೀರು ಮಾತ್ರ ಯಾವ ಕಾರಣಕ್ಕೂ ಹಾಕಬೇಡ, ನಿಮ್ಮ ಕಡೆ ನಮ್ಮ ಕಡೆ ನೀರು ಗಡಸು, ಪಾತ್ರೆ ತಳದಲ್ಲಿ ಬಿಳಿ ಕಟ್ತೈತಲ್ಲ ಹಂಗೇ ರೇಡಿಯೇಟರ್ ಕೊಳವೆಯೊಳಗೂ ಕಟ್ತೈತೆ. ನಂದು ಬಿಚ್ಚಿಸಿದಾಗ ಕಾಲು ಭಾಗ ಕೊಳವೆ ಮುಚ್ಚಿತ್ತು, ಹಳೇ ಓನರ್ ಕಾಲದ್ದಿರ್ಬೇಕು. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಮತ್ತೆ ಒಳ್ಳೆ ಕೂಲೆಂಟ್, ಅಷ್ಟೆ.

ಕೊನೇಲಿ ಒಂದು ಸಾಲು ಬರ್ದಿದ್ದೀಯ, ರಾತ್ರಿ ಬೈಪಾಸ್ ಮೇಲೆ ಪ್ರಾಕ್ಟೀಸ್ ಮಾಡ್ತೀವಿ ಅಂತ. ಅದನ್ನ ಓದಿದ ಮೇಲೇನೇ ನಾನು ಇಷ್ಟು ಉದ್ದ ಬರೆಯೋಕೆ ಕುಂತಿದ್ದು. ಬೇಡ ತಮ್ಮಾ. ಭತ್ತದ ಸುಗ್ಗೀಲಿ ಹಿಂದಿನ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಆ ರೋಡಲ್ಲಿ ರಾತ್ರಿಯೆಲ್ಲ ಓಡಾಡ್ತಾವೆ, 130ರಲ್ಲಿ ಬರೋ ನಿನಗೆ ಅದು ಕಾಣೋದು ಹತ್ರ ಬಂದ ಮೇಲೆ. ಟ್ರ್ಯಾಕ್ಟರ್ ಮೇಲೆ ಮೂಟೆ ಜೊತೆ ಜನನೂ ಕುಂತಿರ್ತಾರೆ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇರೋದು ಇದಕ್ಕೇ, 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು ಇಲ್ಲ 5,000 ತನಕ ದಂಡ, ಎರಡೂ ಆಗಬಹುದು. ಚೆನ್ನೈ ಹತ್ರ ಇರುಂಗಾಟ್ಟುಕೋಟೈನಲ್ಲಿ ಟ್ರ್ಯಾಕ್ ಐತೆ, ಡ್ರ್ಯಾಗ್ ರೇಸ್ ಅಲ್ಲಿ ನಡೆಸ್ತಾರೆ. ದೂರ ಆಗ್ತೈತೆ, ಖರ್ಚು ಆಗ್ತೈತೆ, ಗೊತ್ತು, ನಾನೂ ದುಡ್ಡು ಕೂಡಿಸಿ ಕೂಡಿಸಿನೇ ಹೋಗೋದು. ವರ್ಷಕ್ಕೆ ಒಂದು ಸಲ ಹೋಗು, ಆದ್ರೆ ಅಲ್ಲೇ ಹೋಗು. ಆಂಬುಲೆನ್ಸ್ ನಿಂತಿರೋ ಜಾಗದಲ್ಲಿ ಓಡಿಸು.

ಕಳೆದ ಸಲ ಹೋದಾಗ ಅಪ್ಪನ್ನೂ ಕರ್ಕೊಂಡು ಹೋಗಿದ್ದೆ. ಪಂಪ್ ಹಿಡ್ಕೊಂಡು ರೇಡಿಯೇಟರ್‌ಗೆ ನೀರು ಹೊಡೆದದ್ದು ಅವನೇ, ಗೇಜ್ ಮಾಮೂಲಿಗೆ ಇಳಿದ್ರೂ ಇನ್ನೊಂದು ನಿಮಿಷ ಇರ್ಲಿ ಅಂತ ಆಫ್ ಮಾಡೋಕೆ ಬಿಡ್ಲಿಲ್ಲ.

ನಿನ್ನ ಗಾಡಿ ಯಾವ್ದು, ಟರ್ಬೋ ಐತಾ ಇಲ್ಲಾ, ರೇಡಿಯೇಟರ್ ಕ್ಯಾಪ್ ಮೇಲೆ ಎಷ್ಟು ಬರ್ದೈತೆ, ಥರ್ಮೋಸ್ಟಾಟ್ ಇನ್ನೂ ಒಳಗೆ ಐತಾ, ಇಷ್ಟು ನೋಡಿ ಕೆಳಗೆ ಬರಿ. ಕ್ಯಾಪ್ ನೋಡೋದು ಬೆಳಗ್ಗೆ, ಎಂಜಿನ್ ತಣ್ಣಗಿದ್ದಾಗ.